ಮಳೆಗಾಲಕ್ಕೆ ಬೈಕ್ ಚೈನಿಗೆ ಏನು ಹಾಕೋದು? ಸ್ಪ್ರೇ ಹೊಡೆದ ಎರಡೇ ದಿನಕ್ಕೆ ಕೆಂಪಾಗ್ತಿದೆ

ತುಂಗಾತೀರ
ತೀರ್ಥಹಳ್ಳಿ–ಶಿವಮೊಗ್ಗ ದಿನಾ ಓಡಾಡೋ 150 ಸಿಸಿ ಬೈಕು, ಹೋಗಿ ಬರೋಕೆ ಸುಮಾರು 120 ಕಿ.ಮೀ. ಚೈನಿಗೆ ಕವರ್ ಇಲ್ಲ. 428 ಅಳತೆ, ಓ-ರಿಂಗ್ (ಪ್ಲೇಟುಗಳ ನಡುವೆ ರಬ್ಬರ್ ರಿಂಗ್) ಇರೋದು, 14 ಸಾವಿರ ಕಿ.ಮೀ. ಓಡಿದೆ. ಭಾನುವಾರ ವಾಟರ್ ಸರ್ವಿಸ್ ಮಾಡಿಸಿ ಅಲ್ಲೇ ಚೈನ್ ಸ್ಪ್ರೇ ಹೊಡೆಸೋದು. ಮಂಗಳವಾರ ಬೆಳಗ್ಗೆ ನೋಡಿದ್ರೆ ಪ್ಲೇಟಿನ ಅಂಚೆಲ್ಲ ಕೆಂಪು, ತಿರುಗಿಸಿದ್ರೆ ಕಿರ್ ಕಿರ್ ಸದ್ದು. ಒಬ್ಬರು ಗ್ರೀಸ್ ಬಳೀರಿ ಅಂತಾರೆ, ಇನ್ನೊಬ್ಬರು ಹಳೇ ಇಂಜಿನ್ ಆಯಿಲ್ ಸಾಕು ಅಂತಾರೆ. ಈಗಿನ್ನೂ ಮೃಗಶಿರ, ಆರಿದ್ರೆ–ಪುನರ್ವಸು ಬಾಕಿ ಇದೆ. ಏನು, ಎಷ್ಟು, ಎಷ್ಟು ದಿನಕ್ಕೊಮ್ಮೆ ಹಾಕ್ಬೇಕು?

ತೊಂಬತ್ತರ ಆಯಿಲ್
ತಪ್ಪು ಸ್ಪ್ರೇಯದ್ದಲ್ಲ, ಒದ್ದೆ ಚೈನಿನ ಮೇಲೆ ಹೊಡೆಸ್ತಿರೋದು. ವಾಟರ್ ಸರ್ವಿಸ್ ಆದ ತಕ್ಷಣ ರೋಲರ್ ಸಂದಿಯಲ್ಲಿ ನೀರು ನಿಂತಿರತ್ತೆ. ಸ್ಪ್ರೇ ಅದರ ಮೇಲೆ ಕೂತು, ನೀರನ್ನ ಒಳಗೇ ಮುಚ್ಚಿಬಿಡತ್ತೆ. ಜೊತೆಗೆ ಅಲ್ಲಿನ ಪ್ರೆಶರ್ ಪೈಪನ್ನ ಚೈನಿನ ಪಕ್ಕದಿಂದ ಹತ್ತಿರ ಹಿಡಿದ್ರೆ ಓ-ರಿಂಗ್ ದಾಟಿ ನೀರು ಒಳಗೆ ಹೋಗತ್ತೆ. ಕಂಪನಿಯವರು ಪಿನ್ನಿಗೂ ಅದರ ಸುತ್ತಿನ ಬುಷ್ಷಿಗೂ ನಡುವೆ ತುಂಬಿ ಕಳಿಸಿದ ಗ್ರೀಸ್ ಕೆಡತ್ತೆ. ಆ ಗ್ರೀಸನ್ನ ನಾವು ಹೊರಗಿಂದ ಮತ್ತೆ ತುಂಬೋಕಾಗಲ್ಲ. ಓ-ರಿಂಗ್ ಚೈನಿಗೆ ನಾವು ಹಾಕೋ ಎಣ್ಣೆಯ ಕೆಲಸ ಮೂರೇ: ಪ್ಲೇಟಿಗೆ ತುಕ್ಕು ಬಾರದಂತೆ ಕಾಯೋದು, ರಬ್ಬರ್ ರಿಂಗ್ ಒಣಗಿ ಬಿರಿಯದಂತೆ ನೋಡೋದು, ರೋಲರ್ ಮತ್ತು ಸ್ಪ್ರಾಕೆಟ್ ಹಲ್ಲಿನ ನಡುವೆ ಪದರವಾಗಿ ನಿಲ್ಲೋದು.

ಗ್ರೀಸ್ ಬೇಡವೇ ಬೇಡ. ನಮ್ಮ ಜಂಬಿಟ್ಟಿಗೆ ರಾಡಿ ಅದಕ್ಕೆ ಮೆತ್ಕೊಂಡ್ರೆ ಉಜ್ಜುಕಾಗದ ಥರ ಹಲ್ಲು ತಿನ್ನತ್ತೆ. ಹಳೇ ಇಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ, ಮಸಿ, ಆಮ್ಲ ಎಲ್ಲ ಇರತ್ತೆ. ಎಸೆಯೋ ಎಣ್ಣೆ ಅಂತ ಚೈನಿಗೆ ಹಾಕ್ಬೇಡಿ.

ಎಸ್‌ಎಇ 90 ಅಥವಾ 80ಡಬ್ಲ್ಯೂ-90 ಗೇರ್ ಆಯಿಲ್ ಒಂದು ಲೀಟರ್ ತಂದಿಡಿ. ಮೊದಲು ಸೀಮೆಎಣ್ಣೆ ಮತ್ತು ಮೆತ್ತನೆ ಬ್ರಷ್ಷಿನಲ್ಲಿ ಚೈನಿನ ನಾಲ್ಕೂ ಮುಖ ತೊಳೆಯಿರಿ. ಸೀಮೆಎಣ್ಣೆ ಸಿಗದಿದ್ರೆ ಡೀಸೆಲ್ ಆಗತ್ತೆ. ಪೆಟ್ರೋಲ್ ಬೇಡ, ರಬ್ಬರ್ ಉಬ್ಬತ್ತೆ. ತಂತಿ ಬ್ರಷ್ಷಂತೂ ರಿಂಗನ್ನೇ ಹರಿಯತ್ತೆ. ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರೋಕೆ ಬಿಡಿ.

ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜ್ ತಗೊಂಡು ಸೂಜಿ ತೆಗೆದು ಎಣ್ಣೆ ಎಳೆದುಕೊಳ್ಳಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್, ನ್ಯೂಟ್ರಲ್. ಹಿಂದಿನ ಚಕ್ರ ಕೈಯಲ್ಲೇ ತಿರುಗಿಸ್ತಾ, ಕೆಳಗಿನ ಸಾಲಿನ ಒಳಮೈಗೆ, ಅಂದ್ರೆ ಸ್ಪ್ರಾಕೆಟ್ ಕಡೆಗಿರೋ ಮೈಗೆ ಹನಿ ಬಿಡಿ. ಓಡುವಾಗ ಎಣ್ಣೆ ಹೊರಕ್ಕೆ ಸಿಡಿಯತ್ತೆ, ಒಳಮೈಗೆ ಹಾಕಿದ್ರೆ ರೋಲರ್ ದಾಟಿಯೇ ಆಚೆ ಬರಬೇಕು. ಪ್ರತಿ ಪ್ಲೇಟಿನ ಸಂದಿಗೆ ಒಂದು ಹನಿ. ತಾಗಿದ ಕೂಡಲೇ ಸಂದಿ ಅದನ್ನ ಎಳ್ಕೊಳ್ಳೋದು ಕಣ್ಣಿಗೇ ಕಾಣತ್ತೆ. ಇಡೀ ಚೈನಿಗೆ 6–8 ಮಿ.ಲೀ. ಸಾಕು. ಅರ್ಧ ಗಂಟೆ ಬಿಟ್ಟು ಹೊರಮೈ ಒರೆಸಿ. ಕೈಗೆ ತೆಳ್ಳಗೆ ಜಿಡ್ಡು ಹತ್ತಬೇಕು, ತೊಟ್ಟಿಕ್ಕಬಾರದು. ಹೆಚ್ಚಾದದ್ದು ಟೈರಿನ ಅಂಚಿಗೇ ಹೋಗೋದು, ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕ್ ವಾಲೋದು ಅದೇ ಅಂಚಿನ ಮೇಲೆ.

ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಚಕ್ರ ತಿರುಗಿಸೋ ಅಭ್ಯಾಸ ಬಹಳ ಕಡೆ ಇದೆ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದ್ರೆ ಬೆರಳು ಹೋಗತ್ತೆ. ದಯವಿಟ್ಟು ಮಾಡ್ಬೇಡಿ.

ಹುಲಿಕಲ್ ತಿರುವು
ಮೇಲಿನವರ ಕ್ರಮ ಸರಿ, ಆದರೆ ಗೇರ್ ಆಯಿಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬಿಸಿಲುಗಾಲಕ್ಕೆ ಅದು 500 ಕಿ.ಮೀ.ಗೊಮ್ಮೆ ಹಾಕಿದರೆ ಸಾಕು. ಜಡಿಮಳೆಯಲ್ಲಿ ಒಂದೇ ದಿನಕ್ಕೆ ತೊಳೆದು ಹೋಗುತ್ತದೆ. ಅಂಟಿಕೊಳ್ಳುವ ಗುಣದ ಸ್ಪ್ರೇ ಅದಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಆರಲು ಸಮಯ ಕೊಡಬೇಕು. ಡಬ್ಬಿಯಿಂದ ಬರುವಾಗ ಅದು ನೀರಿನಂತೆ ತೆಳ್ಳಗಿರುತ್ತದೆ. ಜೊತೆಗಿರುವ ದ್ರಾವಕ ಆರಿದ ಮೇಲೇ ಅಂಟು ಗಟ್ಟಿಯಾಗುವುದು. ಹೊಡೆಸಿದ ಹತ್ತು ನಿಮಿಷಕ್ಕೆ ಗಾಡಿ ಓಡಿಸಿದರೆ ಅರ್ಧ ಮಡ್‌ಗಾರ್ಡಿಗೆ ಸಿಡಿದಿರುತ್ತದೆ.

ಹಾಗಾಗಿ ಸಂಜೆ ಮನೆ ತಲುಪಿದ ಕೂಡಲೇ, ಚೈನ್ ಇನ್ನೂ ಬೆಚ್ಚಗಿರುವಾಗ, ರಾಡಿ ಇದ್ದರೆ ಒಂದು ಮಗ್ ನೀರು ಸುರಿದು ಒಣ ಬಟ್ಟೆಯಲ್ಲಿ ಹಿಂಡಿ ಒರೆಸಿ. ಸೂರಿನಡಿ ಒಂದು ಗಂಟೆ ಬಿಟ್ಟು ಸ್ಪ್ರೇ ಹೊಡೆದು, ರಾತ್ರಿಯಿಡೀ ಹಾಗೇ ಬಿಡಿ. ಚಕ್ರವನ್ನು ನಿಧಾನ ಎರಡು ಸುತ್ತು ತಿರುಗಿಸುವಷ್ಟು ಹೊತ್ತು ಹೊಡೆದರೆ ಸಾಕು. ನಿಮ್ಮ ಓಡಾಟಕ್ಕೆ ಮಳೆ ಬಿಡುವವರೆಗೂ ಎರಡು ದಿನಕ್ಕೊಮ್ಮೆ ಬೇಕು. ಸ್ಪ್ರೇ ದುಬಾರಿ ಎನಿಸಿದರೆ ಗೇರ್ ಆಯಿಲನ್ನೇ ದಿನಾ ಸಂಜೆ ಹಾಕಿ, ತಪ್ಪಿಲ್ಲ. ಮಳೆಗಾಲಕ್ಕೆ ಅದು ವಾರಕ್ಕೊಮ್ಮೆ ಹಾಕುವ ಎಣ್ಣೆಯಲ್ಲ, ಅಷ್ಟೆ. ಡಬ್ಲ್ಯೂಡಿ-40 ನೀರು ಓಡಿಸಲು ಒಳ್ಳೆಯದು, ಆದರೆ ಅದರ ಮೇಲೆ ಲ್ಯೂಬ್ ಹಾಕಲೇಬೇಕು. ಅದೊಂದೇ ನಿಲ್ಲುವುದಿಲ್ಲ.

ಕವರ್ ಇರುವ, ಓ-ರಿಂಗ್ ಇಲ್ಲದ ಚೈನಿಗಾದರೆ ಗೇರ್ ಆಯಿಲೇ ಮೇಲು. ಅಲ್ಲಿ ಎಣ್ಣೆ ಪಿನ್ ತನಕ ಇಳಿಯಬೇಕು, ದಪ್ಪ ಲ್ಯೂಬ್ ಒಳಗೆ ಹೋಗುವುದಿಲ್ಲ. ಯಾವ ಜಾತಿಯ ಚೈನ್ ಎಂದು ಗೊತ್ತಿಲ್ಲದವರು ಒಳ ಪ್ಲೇಟ್, ಹೊರ ಪ್ಲೇಟ್ ನಡುವೆ ಟಾರ್ಚ್ ಬಿಟ್ಟು ನೋಡಿ. ಕಪ್ಪು ರಬ್ಬರ್ ಗೆರೆ ಕಂಡರೆ ಓ-ರಿಂಗ್.

ತುಂಗಾತೀರ
ಧನ್ಯವಾದ ಇಬ್ಬರಿಗೂ. ಇನ್ನೊಂದು ವಿಷಯ. ಅಡಿಕೆಗೆ ಕೊಳೆ ಔಷಧಿ ಹೊಡೆಯೋ ದಿನ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ನೀರು) ಕ್ಯಾನು ಇದೇ ಬೈಕಿನ ಹಿಂದೆ ತೋಟಕ್ಕೆ ಹೋಗತ್ತೆ, ತುಳುಕತ್ತೆ. ಅದರಿಂದ ತೊಂದರೆ ಇದ್ಯಾ? ಮತ್ತೆ ಈ ಚೈನು ಬದಲಿಸೋ ಹಂತಕ್ಕೆ ಬಂದಿದ್ಯೋ ಏನೋ ಹೇಗೆ ಗೊತ್ತಾಗೋದು?

ಅಡಿಕೆ ಸೀಮೆ
ತೊಂದರೆ ಖಂಡಿತ ಇದೆ. ಸುಣ್ಣ ಕಡಿಮೆಯಾದ ದ್ರಾವಣಕ್ಕೆ ಕತ್ತಿ ಅದ್ದಿದ್ರೆ ಅಲಗು ಕೆಂಪಾಗತ್ತಲ್ಲ, ಚೈನಿನ ಉಕ್ಕಿಗೂ ಅದೇ ಆಗೋದು: ಮೈಲುತುತ್ತದ ತಾಮ್ರ ಬಂದು ಕೂರತ್ತೆ, ಕಬ್ಬಿಣ ಕರಗತ್ತೆ. ಸುಣ್ಣ ಸರಿಯಾಗಿದ್ರೆ ಅಷ್ಟು ತಿನ್ನಲ್ಲ, ಆದ್ರೆ ಒಣಗಿ ಹಕ್ಕಳೆ ಕಟ್ಟಿ ರಿಂಗನ್ನ ಉಜ್ಜತ್ತೆ. ಒಣಗೋಕೆ ಮುಂಚೆ ಬರೀ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ. ಕ್ಯಾನನ್ನ ಬಲಗಡೆ ಕಟ್ಟಿದ್ರೆ ಅರ್ಧ ಸಮಸ್ಯೆ ಹೋಯ್ತು, ಚೈನ್ ಎಡಗಡೆ ತಾನೆ.

ಚೈನ್ ಉದ್ದ ಆಗೋದು ಅಂದ್ರೆ ಉಕ್ಕು ಹಿಗ್ಗೋದಲ್ಲ, ಪಿನ್ನು–ಬುಷ್ಷು ಸವೆಯೋದು. ಒಂದೊಂದು ಕೊಂಡಿಯಲ್ಲಿ 0.1 ಮಿ.ಮೀ. ಸವೆದ್ರೂ 120 ಕೊಂಡಿಗೆ 12 ಮಿ.ಮೀ. ಆಯ್ತು. ಚೈನನ್ನ ಬಿಗಿಯಾಗಿ ಎಳೆದು ಹಿಡಿದು 21 ಪಿನ್ ಎಣಿಸಿ, ಮೊದಲನೇ ಪಿನ್ನಿನ ನಡುವಿಂದ ಕೊನೇ ಪಿನ್ನಿನ ನಡುವಿಗೆ ಅಳೀರಿ. 428ಕ್ಕೆ ಹೊಸದರಲ್ಲಿ 254 ಮಿ.ಮೀ. ಇರತ್ತೆ. 259 ದಾಟಿದ್ರೆ ಬದಲಿಸಿ. ಮೂರು ನಾಲ್ಕು ಕಡೆ ಅಳೀಬೇಕು, ಎಲ್ಲ ಕಡೆ ಒಂದೇ ಸಮ ಸವೆಯಲ್ಲ. ಸ್ಪ್ರಾಕೆಟ್ ಹಲ್ಲು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ರೂ ಕಥೆ ಮುಗೀತು. ಬದಲಿಸೋದಾದ್ರೆ ಎರಡೂ ಸ್ಪ್ರಾಕೆಟ್ ಜೊತೆಗೇ ಬದಲಿಸಿ, ಹಳೇ ಹಲ್ಲಿಗೆ ಹೊಸ ಚೈನ್ ಹಾಕಿದ್ರೆ ಅದೂ ಬೇಗ ಹೋಗತ್ತೆ.

ಅಳತೆ ಸರಿ ಇದ್ರೆ ಸಡಿಲ ನೋಡಿ, ಅಂದ್ರೆ ಕೆಳಗಿನ ಸಾಲಿನ ನಡುವೆ ಚೈನ್ ಎಷ್ಟು ಮೇಲೆ ಕೆಳಗೆ ಆಡತ್ತೆ ಅಂತ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಸ್ಟಿಕ್ಕರಿನಲ್ಲೋ ಮ್ಯಾನುಯಲ್‌ನಲ್ಲೋ ಬರೆದಿರತ್ತೆ, ಇಂಥ ಬೈಕಿಗೆ ಸಾಮಾನ್ಯವಾಗಿ 25–35 ಮಿ.ಮೀ. ಚಕ್ರ ತಿರುಗಿಸಿ ಅತಿ ಬಿಗಿ ಇರೋ ಜಾಗದಲ್ಲಿ ಅಳೀರಿ. ಆಕ್ಸಲ್ ನಟ್ ಸಡಿಲಿಸಿ ಎರಡೂ ಕಡೆಯ ಅಡ್ಜಸ್ಟರ್ ಸಮ ತಿರುಗಿಸಿ, ಗುರುತು ಎರಡೂ ಬದಿ ಒಂದೇ ಗೆರೆಗೆ ಬರಬೇಕು. ಆಮೇಲೆ ಆಕ್ಸಲ್ ನಟ್ ಮತ್ತೆ ಬಿಗಿ ಮಾಡಿ. ಹಿಂದೆ ಡ್ರಮ್ ಬ್ರೇಕ್ ಇದ್ರೆ ಒಂದು ಮರೀಬೇಡಿ: ಚಕ್ರ ಹಿಂದೆ ಸರಿದಾಗ ಬ್ರೇಕ್ ರಾಡ್ ಎಳೆದು ಬ್ರೇಕ್ ಹಿಡ್ಕೊಳ್ಳತ್ತೆ. ರಾಡಿನ ನಟ್ ಸಡಿಲಿಸಿ ಪೆಡಲ್ ಆಟ 20–30 ಮಿ.ಮೀ.ಗೆ ತನ್ನಿ, ಚಕ್ರ ಕೈಯಲ್ಲಿ ಹಗುರವಾಗಿ ತಿರುಗತ್ತಾ ನೋಡಿ, ಆಮೇಲೆ ರಸ್ತೆಗಿಳೀರಿ.