ಮನೆಯವರ ಚಾಟ್ ಗುಂಪು: ಕಬ್ಬನ್‌ಪೇಟೆ ಮನೆ. ಹಳೇ ಬೆಂಗಳೂರಿನ ಪೇಟೆ ನಡೆದು ನೋಡೋದು ಭಾನುವಾರನಾ, ಕೆಲಸದ ದಿನಾನಾ?

ದೀಪು: (ಫಾರ್ವರ್ಡ್) ಯಾರೂ ನೋಡದ ಬೆಂಗಳೂರು! ಗೈಡ್ ಬೇಡ, ಮ್ಯಾಪ್ ಹಿಡ್ಕೊಂಡು ನೀವೇ ನಡೀರಿ. 11 ಜಾಗ, 4 ಕಿ.ಮೀ., 2 ಗಂಟೆ. ಕೋಟೆಯ ಡೆಲ್ಲಿ ಗೇಟಿಂದ ಶುರು, ಕಬ್ಬನ್‌ಪೇಟೆ ಮಗ್ಗದ ಗಲ್ಲೀಲಿ ಮುಗಿಯುತ್ತೆ. ಭಾನುವಾರ ಬೆಳಿಗ್ಗೆ 6.30ಕ್ಕೆ ಹೊರಡಿ, ಅಂಗಡಿ ಮುಚ್ಚಿರುತ್ತೆ, ಜನ ಇರಲ್ಲ, ಫೋಟೋ ಚೆನ್ನಾಗಿ ಬರುತ್ತೆ.

ದೀಪು: ಎಲ್ಲರೂ ಸೇರಿ ಹೋಗೋಣ ಅಂತ. ಮಾವ ಡಿಸೆಂಬರ್‌ಗೆ ಬರೋ ಮುಂಚೆ ನಾವೊಂದ್ಸಲ ನಡೆದು ನೋಡಿದ್ರೆ ಆಮೇಲೆ ಮಕ್ಕಳನ್ನ ಕರ್ಕೊಂಡು ಹೋಗಬಹುದು

ಮಾವ (ಡಲ್ಲಾಸ್): ಸೂಪರ್ ಕಣೋ. ನಮ್ಮ ಹುಡುಗರು ಬೆಂಗಳೂರು ಅಂದ್ರೆ ಏರ್‌ಪೋರ್ಟು, ಮಾಲು ಇಷ್ಟೇ ನೋಡಿರೋದು

ದೊಡ್ಡಪ್ಪ: ಯಾರೂ ನೋಡದ ಅಂತ ಬರೆದಿರೋನು ಯಾರಪ್ಪ

ದೊಡ್ಡಪ್ಪ: ನಾನು ಹುಟ್ಟಿದ್ದು ಅಲ್ಲಿ. ನಿಮ್ಮಜ್ಜ ಸತ್ತಿದ್ದು ಅಲ್ಲಿ. ದಿನಾ ಬೆಳಗಾದ್ರೆ ಎಷ್ಟು ಊರಿಂದ ಜನ ಬಟ್ಟೆ ತಗೊಳ್ಳಕ್ಕೆ ಚಿಕ್ಕಪೇಟೆಗೆ ಬರ್ತಾರೆ, ಮದುವೆ ಕಾರ್ಡು ಮಾಡಿಸಕ್ಕೆ ಸುಲ್ತಾನ್‌ಪೇಟೆಗೆ ಬರ್ತಾರೆ, ಅವರೆಲ್ಲ ನೋಡಿದ್ದು ಲೆಕ್ಕಕ್ಕಿಲ್ವಾ

ಚಿಕ್ಕಮ್ಮ: ಭಾವ, ಅದರಲ್ಲಿ 7ನೇ ಜಾಗ ನೋಡಿ, "ಗಲ್ಲಿಯಲ್ಲಿ ಅಡಗಿರುವ ಗುಡಿ" ಅಂತೆ, ಯಾವುದು ಅಂತ ನೋಡಿದ್ರೆ ಧರ್ಮರಾಯನ ಗುಡಿ! ಚೈತ್ರ ಹುಣ್ಣಿಮೆ ರಾತ್ರಿ ಕರಗ ಹೊರಟರೆ ಪೇಟೆಯಲ್ಲಿ ಕಾಲಿಡಕ್ಕೆ ಜಾಗ ಇರಲ್ಲ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತೆ ಕರಗ, ಅಂಥ ಗುಡಿ ಅಡಗಿದೆ ಅಂದ್ರೆ ಏನರ್ಥ

ದೀಪು: ಚಿಕ್ಕಮ್ಮ ಅದು ಹೊರಗಿನವರಿಗೆ ಬರೆದಿರೋದು. ನಮ್ಮ ಆಫೀಸಲ್ಲಿ 40 ಜನದಲ್ಲಿ ಪೇಟೆ ಒಳಗೆ ಹೋಗಿರೋರು ಮೂರು ಜನ

ದೊಡ್ಡಪ್ಪ: ಹೊರಗಿನವರಿಗೇ ಆದ್ರೂ ಭಾನುವಾರ 6.30 ಯಾಕೆ? ಮುಚ್ಚಿರೋ ಷಟರ್ ನೋಡಕ್ಕಾ? ಪೇಟೆ ಅಂದ್ರೆ ಕಟ್ಟಡ ಅಲ್ಲ ಕಣೋ, ಕಸುಬು. ಗಾಣಿಗರಪೇಟೆ, ಕುಂಬಾರಪೇಟೆ, ಅರಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಹೆಸರಲ್ಲೇ ಇದೆಯಲ್ಲ. ಎಣ್ಣೆ ತೆಗೆಯೋರು, ಮಡಕೆ ಮಾಡೋರು, ಹತ್ತಿ, ಅಕ್ಕಿ, ದವಸ, ಬಳೆ. 1537ರಲ್ಲಿ ಕೆಂಪೇಗೌಡ್ರು ಊರು ಕಟ್ಟಿದಾಗ ಒಂದೊಂದು ಕಸುಬಿನೋರಿಗೆ ಒಂದೊಂದು ಕೇರಿ ಅಂತ ಕೂರಿಸಿದ್ರು. ಕಸುಬು ನಿಂತಿರೋ ದಿನ ನೋಡ್ಕೊಂಡು ಹೋಗಿ ಅಲ್ಲಿ ಏನು ನೋಡ್ತೀರ

ಅನು: ದೊಡ್ಡಪ್ಪ ನಾನು ಇದನ್ನ ಒಪ್ಪಲ್ಲ

ಅನು: ಕಾಲೇಜಿಂದ ಪೇಟೆ ಅಳತೆ ಮಾಡಕ್ಕೆ ಹೋಗಿದ್ವಿ, ಬುಧವಾರ. ಅವೆನ್ಯೂ ರೋಡಲ್ಲಿ ಎರಡು ನಿಮಿಷ ನಿಂತು ತಲೆ ಎತ್ತಕ್ಕಾಗಲ್ಲ, ಹಿಂದಿಂದ ಕೈಗಾಡಿ, ಮುಂದಿಂದ ಸ್ಕೂಟ್ರು, ಮೇಲೆಲ್ಲ ಫ್ಲೆಕ್ಸು. ಅದೇ ಭಾನುವಾರ ಬೆಳಿಗ್ಗೆ ಹೋದಾಗ ನನಗೆ ಮೊದಲನೇ ಸಲ ಕಂಡಿದ್ದು ಮೇಲಿನ ಮಹಡಿಗಳು. ಮರದ ಕಂಬ, ಮರದ ಕಟಾಂಜನ, ಗಾರೆಯಲ್ಲಿ ಮಾಡಿರೋ ಬಳ್ಳಿ, ನವಿಲು, ಕೈಪಿಡಿ ಗೋಡೆ ಮೇಲೆ ಇಸವಿ ಬರೆದಿರೋದು. ಚಿಕ್ಕಪೇಟೆ ಮೋಹನ್ ಬಿಲ್ಡಿಂಗ್‌ನ ಪೂರ್ತಿ ಉದ್ದಕ್ಕೆ ನೋಡಬೇಕು ಅಂದ್ರೆ ಭಾನುವಾರನೇ. ರೈಸ್ ಮೆಮೋರಿಯಲ್ ಚರ್ಚ್ ಇದೆಯಲ್ಲ ಅವೆನ್ಯೂ ರೋಡಲ್ಲಿ, ವಾರದ ದಿನ ಅಂಗಡಿಗಳ ಮಧ್ಯೆ ಅದು ಇದೆ ಅಂತಾನೇ ಗೊತ್ತಾಗಲ್ಲ. ಶಾಸನಗಳನ್ನ ಹುಡುಕಿ ಪ್ರಿಂಟ್ ಮಾಡಿಸಿದ ಬಿ.ಎಲ್. ರೈಸ್ ಅವರ ತಂದೆ ಹೆಸರಲ್ಲಿರೋ ಚರ್ಚು ಅದು. ಈ ಹಳೇ ಕಟ್ಟಡಗಳು ಒಂದೊಂದೇ ಬೀಳ್ತಿವೆ, ಗಾಜಿನ ಬಾಕ್ಸ್ ಏಳ್ತಿದೆ, ಈಗ ನೋಡಿಲ್ಲ ಅಂದ್ರೆ ಇನ್ನ್ಯಾವಾಗ

ಸುಮಾ ಅಕ್ಕ: ಅನು ಹೇಳೋದರಲ್ಲೂ ನಿಜ ಇದೆ. ನಾನು ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ ಒಂದು ಗುರುವಾರ, ಅರ್ಧ ಗಮನ ಮಕ್ಕಳನ್ನ ಎಣಿಸೋದರಲ್ಲೇ ಹೋಯ್ತು. ಇನ್ನೊಂದು, ಆ ಮ್ಯಾಪಲ್ಲಿ ಹೆಂಗಸರಿಗೆ ಬಾತ್‌ರೂಮ್ ಎಲ್ಲಿದೆ ಅಂತ ಒಂದು ಕಡೆನೂ ಇಲ್ಲ. ನಾಲ್ಕು ಕಿ.ಮೀ. ನಡೀರಿ ಅನ್ನೋರು ಅದನ್ನ ಮೊದಲು ಬರೀಬೇಕು. ಅಮ್ಮನ ಮಂಡಿ ಬೇರೆ

ದೊಡ್ಡಪ್ಪ: ಭಾನುವಾರ ಜನ ಇರಲ್ಲ ಅನ್ನೋದೂ ಸುಳ್ಳು. ಬಿವಿಕೆ ಅಯ್ಯಂಗಾರ್ ರೋಡ್ ಕಡೆ ಸಂಡೇ ಬಜಾರ್ ಕೂರುತ್ತೆ, ಹಳೇ ಗಡಿಯಾರ, ಸ್ಪ್ಯಾನರು, ರೇಡಿಯೋ. ಇನ್ನು ಅವೆನ್ಯೂ ರೋಡ್ ಬ್ರಿಟಿಷರು ಹಾಕಿದ್ದು ಅಂತ 3ನೇ ಜಾಗದಲ್ಲಿ ಬರೆದಿದಾನೆ. ಬ್ರಿಟಿಷರ ಕಾಲದಲ್ಲಿ ಬಂದಿದ್ದು ಹೆಸರು ಮಾತ್ರ. ರಸ್ತೆ ಕೆಂಪೇಗೌಡ್ರ ಕಾಲದ್ದು, ದೊಡ್ಡಪೇಟೆ ಅಂತ. ನಮ್ಮಮ್ಮ ಕೊನೇವರೆಗೂ ದೊಡ್ಡಪೇಟೆ ಅಂತಾನೇ ಅಂತಿದ್ಲು. ದೊಡ್ಡಪೇಟೆ ಚಿಕ್ಕಪೇಟೆ ಕೂಡೋ ಜಾಗದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಎತ್ತು ನಿಂತ ಕಡೆ ಊರಬಾಗಿಲು ಇಟ್ರು ಅಂತ ಕತೆ ಹೇಳ್ತಾರೆ. ಆ ಕೂಡು ರಸ್ತೆ ಮ್ಯಾಪಲ್ಲೇ ಇಲ್ಲ!! 11 ಜಾಗದಲ್ಲಿ ಇಲ್ಲ!!

ಮಾವ (ಡಲ್ಲಾಸ್): ಭಾವ, ಅಲ್ಲಿ ಈಗ ನೋಡಕ್ಕೆ ಏನಿದೆ?

ದೊಡ್ಡಪ್ಪ: ಏನೂ ಇಲ್ಲ. ನಾಲ್ಕು ಕಡೆಯಿಂದ ಜನ ಬರ್ತಾರೆ. ಅದೇ ನೋಡೋದು

ಚಿಕ್ಕಮ್ಮ: ನನಗೆ ಭಾನುವಾರ ಸೋಮವಾರದ್ದಲ್ಲ ಚಿಂತೆ. 11ನೇ ಜಾಗದ್ದು. "ಮಗ್ಗದ ಗಲ್ಲಿ, ಬಾಗಿಲು ತೆರೆದಿದ್ದರೆ ಇಣುಕಿ ನೋಡಿ" ಅಂತ ಬರೆದಿದಾರೆ. ನಾನು ಮದುವೆ ಆಗಿ ಆ ಮನೆಗೆ ಬಂದ ಹೊಸದರಲ್ಲಿ ಅತ್ತೆ ಬಾಗಿಲಲ್ಲಿ ಕೂತು ರಾಟೇಲಿ ಕಂಡಿಕೆಗೆ ದಾರ ಸುತ್ತುತಾ ಇದ್ರು, ಸೆರಗು ಜಾರಿತ್ತು, ಯಾರೋ ಕ್ಯಾಮೆರಾ ಹಿಡ್ಕೊಂಡು ಬಂದವರು ಕೇಳದೆ ಕ್ಲಿಕ್ ಮಾಡ್ಕೊಂಡು ಹೋದ್ರು. ಅತ್ತೆ ಅವತ್ತು ಊಟ ಮಾಡಿಲ್ಲ. ಆಮೇಲೆ ಎಷ್ಟೋ ದಿನ ಬಾಗಿಲು ಹಾಕ್ಕೊಂಡೇ ಸುತ್ತುತಿದ್ರು, ಒಳಗೆ ಬೆಳಕಿಲ್ಲ, ದಾರ ಕಾಣಲ್ಲ. ಇಣುಕಿ ನೋಡಿ ಅಂತ ಯಾರೋ ಬರೆದುಬಿಡ್ತಾರೆ, ಒಳಗೆ ಇರೋರದ್ದು ಮನೆ ಕಣ್ರಪ್ಪ

ಅನು: ಇದು ನನಗೆ ಗೊತ್ತಿರಲಿಲ್ಲ ಚಿಕ್ಕಮ್ಮ. ಸಾರಿ. ನಾನೂ ಹಾಗೆ ಒಂದೆರಡು ಫೋಟೋ ತೆಗೆದಿದೀನಿ ಕೇಳದೆ

ದೀಪು: ಸರಿ ಆ ಲೈನ್ ತಪ್ಪು, ಒಪ್ಕೋತೀನಿ. ಆದ್ರೆ ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ

ದೀಪು: ಈ ಗುಂಪಿನ ಹೆಸರು ಕಬ್ಬನ್‌ಪೇಟೆ ಮನೆ. ಆ ಮನೆ ಎಲ್ಲಿತ್ತು ಅಂತ ನನಗೆ, ಅನುಗೆ, ಅಕ್ಕಂಗೆ ಯಾರಿಗೂ ಗೊತ್ತಿಲ್ಲ. ನೀವು ಯಾರೂ ಒಂದು ದಿನ ಕರ್ಕೊಂಡು ಹೋಗಿ ಇಲ್ಲಿ ಮಗ್ಗ ಇತ್ತು ಅಂತ ತೋರಿಸಿಲ್ಲ. ಯಾರೋ ಗೊತ್ತಿಲ್ಲದೋರು ತಪ್ಪು ತಪ್ಪಾಗಿ ಒಂದು ಮ್ಯಾಪ್ ಮಾಡಿದಾರೆ, ನನಗೆ ಸಿಕ್ಕಿರೋದು ಅದೊಂದೇ ದೊಡ್ಡಪ್ಪ. ಅದನ್ನೂ ಬಿಡು ಅಂದ್ರೆ ನಾನು ಏನು ಹಿಡ್ಕೊಂಡು ಹೋಗ್ಲಿ

ಸುಮಾ ಅಕ್ಕ: ದೀಪು ಸ್ವಲ್ಪ ಮೆತ್ತಗೆ ಹೇಳು

ದೀಪು: ಜೋರಾಗಿ ಹೇಳಿಲ್ಲ ಅಕ್ಕ, ಇರೋದು ಹೇಳಿದೆ

(ರಾತ್ರಿ 9.40)

ದೊಡ್ಡಪ್ಪ: ದೀಪು ಹೇಳಿದ್ದು ಸರಿ. ಇದನ್ನ ಫೋನಿಗೆ ಮಾತಾಡಿ ಬರೆಸ್ತಾ ಇದೀನಿ ತಪ್ಪಿದ್ರೆ ಸರಿ ಮಾಡ್ಕೊಂಡು ಓದಿ. ನಮ್ಮಪ್ಪಂದು ಗುಂಡಿ ಮಗ್ಗ, ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯೋದು, ಮಳೆಗಾಲದಲ್ಲಿ ಗುಂಡಿ ತಂಪು ಹತ್ತಿ ಅಪ್ಪಂಗೆ ಕಾಲು ಸೆಟೆದುಕೊಳ್ಳೋದು, ಅಮ್ಮ ಬಿಸಿ ಎಣ್ಣೆ ಹಚ್ಚೋಳು, ಲಾಳಿ ಆ ಕಡೆ ಈ ಕಡೆ ಹೋಗೋ ಸದ್ದಿಗೇ ನಾವು ಮಲಗ್ತಿದ್ವಿ ಸದ್ದು ನಿಂತ್ರೆ ಎಚ್ಚರ ಆಗೋದು. ಆಮೇಲೆ ಅಕ್ಕಪಕ್ಕ ಎಲ್ಲ ಪವರ್‌ಲೂಮ್ ಬಂತು, ಅಪ್ಪಂಗೆ ಅದು ಹಾಕಕ್ಕೆ ದುಡ್ಡಿರಲಿಲ್ಲ, ನನ್ನ ಚಿಕ್ಕಪೇಟೆ ಗಾದಿ ಅಂಗಡಿಗೆ ಲೆಕ್ಕ ಬರೆಯಕ್ಕೆ ಹಾಕಿದ್ರು. ಬಿಳಿ ಹಾಸಿಗೆ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತು 31 ವರ್ಷ ಬರೆದಿದೀನಿ. ಅಪ್ಪ ನೇಯ್ದಂಥ ಸೀರೆನ ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರ್ತಾರೆ ಅಂತ ನನ್ನ ಕೈಯಲ್ಲೇ ಬರೀತಿದ್ದೆ, ಮನೇಲಿ ಅಪ್ಪಂಗೆ ಹೇಳ್ತಿರಲಿಲ್ಲ. ಮನೆ ಮಾರಿದ ಮೇಲೆ ಆ ಬೀದಿಗೆ ನಾನು ಹೋಗಿಲ್ಲ. ಅಂಗಡಿಗೆ ಹೋಗೋವಾಗ ಸುತ್ತು ಹಾಕ್ಕೊಂಡು ಹೋಗ್ತಿದ್ದೆ. ನಿಮ್ಮನ್ನ ಕರ್ಕೊಂಡು ಹೋಗದೆ ಇದ್ದಿದ್ದು ಅದಕ್ಕೇನೆ, ನಿಮ್ಮ ಮೇಲೆ ಅಸಡ್ಡೆ ಅಲ್ಲ

ದೀಪು: ದೊಡ್ಡಪ್ಪ ನಾನು ಹಾಗೆ ಹೇಳಬಾರದಿತ್ತು

ದೊಡ್ಡಪ್ಪ: ಹೇಳಿದ್ದು ಒಳ್ಳೇದಾಯ್ತು

ದೊಡ್ಡಪ್ಪ: ಇನ್ನೂ ಒಂದು. ನಗರ್ತಪೇಟೆ ನಿನ್ನ ಮ್ಯಾಪಲ್ಲಿ "ಚಿನ್ನದ ಅಂಗಡಿಗಳು" ಅಂತ ಒಂದೇ ಸಾಲು. ಅಲ್ಲಿ ಕಾಳಿಕಾ ಕಮಠೇಶ್ವರ ಗುಡಿ ಇದೆ, ಅದರ ಸುತ್ತ ಗಲ್ಲಿಗಳಲ್ಲಿ ಸಣ್ಣ ಸಣ್ಣ ರೂಮಲ್ಲಿ ಒಡವೆ ಕೆಲಸ, ಈಗ ಬಂಗಾಳದ ಹುಡುಗರೇ ಜಾಸ್ತಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಹೋದ್ರೆ ಒಬ್ಬಿಬ್ಬರು ಮೆಟ್ಟಿಲ ಸಂದಿ, ಚರಂಡಿ ಅಂಚು ಸಣ್ಣ ಬ್ರಷ್‌ನಲ್ಲಿ ಗುಡಿಸ್ತಾ ಇರ್ತಾರೆ. ಆ ಮಣ್ಣು ತಗೊಂಡು ಹೋಗಿ ಬಾಣಲೆಯಲ್ಲಿ ಹಾಕಿ ನೀರು ತೂರಿ ತೂರಿ ತೊಳೆದ್ರೆ ತಳದಲ್ಲಿ ಕಪ್ಪು ಮಣ್ಣು ಉಳಿಯುತ್ತೆ, ಅದರಲ್ಲಿ ಅರ ಹಾಕಿದ ಚಿನ್ನದ ಪುಡಿ. ಬರಿಗಣ್ಣಿಗೆ ಕಾಣಲ್ಲ. ನಾನು ಒಬ್ಬರ ಜೊತೆ ಕೂತು ನೋಡಿದೀನಿ, ಇಡೀ ವಾರದ ಮಣ್ಣಿಂದ ಉಗುರಿನ ತುದಿಯಷ್ಟು ಬಂತು. ಇದು ಭಾನುವಾರ ಕಾಣಲ್ಲ ಅನು. ಅದಕ್ಕೇ ಹೇಳಿದ್ದು

ಅನು: ಇದನ್ನ ನೋಡಬೇಕು ನಾನು

ಅನು: ಆದ್ರೂ ಕಟ್ಟಡ ಬಿಟ್ಟುಕೊಡಲ್ಲ ದೊಡ್ಡಪ್ಪ. ಅಂಗಡಿ ಕೆಳಗೆ, ಮನೆ ಮೇಲೆ, ಹಿಂದೆ ಗೋದಾಮು, ಮಧ್ಯೆ ತೊಟ್ಟಿ ಅಂಗಳ. ಕಸುಬಿಗೆ ತಕ್ಕ ಹಾಗೆ ಕಟ್ಟಿರೋ ಮನೆ ಅದು. ಗೋಡೆ ನೋಡಿದ್ರೂ ನಿಮ್ಮ ಕಸುಬೇ ಕಾಣೋದು. 1898ರ ಪ್ಲೇಗ್ ಆದ ಮೇಲೆ ಇಲ್ಲಿನ ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಹೋದ್ರಲ್ಲ, ಅಲ್ಲಿ ಸೈಟು, ಕಾಂಪೌಂಡು, ನೆಟ್ಟಗಿನ ರೋಡು. ಪೇಟೆ ನೋಡಿದ್ರೇನೆ ಅವನ್ನ ಯಾಕೆ ಹಾಗೆ ಕಟ್ಟಿದ್ರು ಅಂತ ಗೊತ್ತಾಗೋದು

ದೊಡ್ಡಪ್ಪ: ಹೂಂ. ಇದು ನಾನು ಯೋಚನೆ ಮಾಡಿರಲಿಲ್ಲ

ಮಾವ (ಡಲ್ಲಾಸ್): ಹಾಗಾದ್ರೆ ಕೋಟೆಯಿಂದ ಶುರು ಮಾಡೋದು ಸರೀನಾ ತಪ್ಪಾ ಅದನ್ನ ಹೇಳಿ

ಅನು: ಮ್ಯಾಪ್ ಮಾಡಿದವರು ಇಂಗ್ಲಿಷರು ಬಂದ ದಾರಿಗೆ ಉಲ್ಟಾ ಹಾಕಿದಾರೆ. ಟಿಪ್ಪು ಮೇಲಿನ ಯುದ್ಧದಲ್ಲಿ 1791 ಮಾರ್ಚ್ 7ಕ್ಕೆ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೈನ್ಯ ಮೊದಲು ಪೇಟೆ ಹಿಡೀತು, ಆಮೇಲೆ 21ನೇ ತಾರೀಕು ರಾತ್ರಿ ಕೋಟೆ. ಗೋಡೆ ಒಡೆದ ಕಡೆ ಅದನ್ನ ಬರೆದಿರೋ ಕಲ್ಲು ಈಗಲೂ ಇದೆ. ಆದ್ರೆ ಮೆಟ್ರೋ ಇಳಿದ ತಕ್ಷಣ ಕೋಟೆ ಸಿಗುತ್ತೆ, ಅಲ್ಲಿಂದಾನೇ ಸುಲಭ. ಟಿಪ್ಪು ಅರಮನೆ, ಕೋಟೆ ವೆಂಕಟರಮಣ ಗುಡಿ ಅಕ್ಕಪಕ್ಕ

ಸುಮಾ ಅಕ್ಕ: ನಾನು ಹೇಳ್ಲಾ? ಶನಿವಾರ ಹೋಗೋಣ. ಬೆಳಿಗ್ಗೆ 8.30ಕ್ಕೆ ಕೆ.ಆರ್. ಮಾರ್ಕೆಟ್ ಮೆಟ್ರೋ. ಕೋಟೆ ಬೇಗ ಮುಗಿಸಿ ನಗರ್ತಪೇಟೆ, ಧರ್ಮರಾಯನ ಗುಡಿ, ಆಮೇಲೆ ದೊಡ್ಡಪ್ಪನ ಕೂಡು ರಸ್ತೆ, ಬಳೇಪೇಟೆಯಲ್ಲಿ ಹಾರ್ಮೋನಿಯಂ ತಬಲಾ ಅಂಗಡಿಗಳ ಸಾಲು, ಅಲ್ಲೇ ಹೋಟ್ಲಲ್ಲಿ ತಿಂಡಿ, ಬಾತ್‌ರೂಮೂ ಆಗುತ್ತೆ, ಅಮ್ಮ ಅಲ್ಲಿಂದ ಆಟೋ ಹಿಡೀಲಿ. ಉಳಿದವರು ಕಬ್ಬನ್‌ಪೇಟೆಗೆ. ಮಗ್ಗದ ಮನೆ ಹತ್ರ ಯಾರೂ ಫೋನ್ ತೆಗೆಯಲ್ಲ, ಕೇಳಿ ಒಳಗೆ ಕರೆದ್ರೆ ಮಾತ್ರ ಹೋಗೋದು

ಚಿಕ್ಕಮ್ಮ: ಹಾಗಾದ್ರೆ ನಾನೂ ಬರ್ತೀನಿ. ನಮ್ಮ ಪಕ್ಕದ ಮನೆಯವರು ಇನ್ನೂ ಅಲ್ಲೇ ಇದಾರೆ, ಎರಡು ಪವರ್‌ಲೂಮ್ ಓಡ್ತಾ ಇದೆ, ಉಳಿದವರೆಲ್ಲ ದೊಡ್ಡಬಳ್ಳಾಪುರ ಯಲಹಂಕ ಅಂತ ಹೋದ್ರು. ಫೋನ್ ಮಾಡಿ ಕೇಳ್ತೀನಿ

ದೊಡ್ಡಪ್ಪ: ಗುಂಪಾಗಿ ಅಡ್ಡ ನಿಲ್ಲಬೇಡಿ. ಹಮಾಲಿ ಬೆನ್ನ ಮೇಲೆ ಗಂಟು ಇದ್ರೆ ಅವನಿಗೆ ಮುಂದಿರೋದು ಕಾಣಲ್ಲ, ಸೈಡು ಸೈಡು ಅಂತ ಕೂಗ್ತಾನೆ, ಕೂಗು ಕೇಳಿದ ತಕ್ಷಣ ಗೋಡೆಗೆ ಒರಗಿ. ಒಂದ್ಸಲ ನಿಂತ್ರೆ ಅವನಿಗೆ ಮತ್ತೆ ಆ ಭಾರ ಎತ್ತಕ್ಕೆ ಇನ್ನೊಬ್ಬರು ಬೇಕು. ದೊಡ್ಡ ಬ್ಯಾಗ್ ತರಬೇಡಿ. ಬೆಳಿಗ್ಗೆ ಮೊದಲು ಹೋಗೋ ಅಂಗಡೀಲಿ ಏನಾದ್ರೂ ತಗೊಳ್ಳಿ, ಬೋಣಿ ಆಗಿರಲ್ಲ ಅವರಿಗೆ, ಸುಮ್ನೆ ಬೆಲೆ ಕೇಳಿ ಬರಬೇಡಿ

ದೀಪು: ಮ್ಯಾಪ್ ನಾನು ಹೊಸದಾಗಿ ಮಾಡ್ತೀನಿ. ದೊಡ್ಡಪ್ಪ ನೀವು ಹೇಳ್ತಾ ಹೋಗಿ ನಾನು ಪಿನ್ ಹಾಕ್ತಾ ಹೋಗ್ತೀನಿ. ಮನೆದೂ ಹಾಕ್ಲಾ?

ದೊಡ್ಡಪ್ಪ: ಹಾಕು. ಅಲ್ಲಿ ಈಗ ಯಾರದೋ ನಾಲ್ಕು ಮಹಡಿ ಇದೆ. ಆದ್ರೂ ಹಾಕು

ಅನು: ನಾನು ಶನಿವಾರ ಬರ್ತೀನಿ, ಭಾನುವಾರಾನೂ ಹೋಗ್ತೀನಿ. ಹೇಳಿಬಿಟ್ಟಿದೀನಿ

ದೊಡ್ಡಪ್ಪ: ಹೋಗಮ್ಮ. ನಮ್ಮ ಅಂಗಡಿ ಇದ್ದ ಕಟ್ಟಡದ ಮೇಲೆ ಗಾರೆಯಲ್ಲಿ ಏನೋ ಮಾಡಿದಾರೆ, ಇಸವಿನೂ ಇದೆ ಅಂತ ಮಾಲೀಕರು ಹೇಳ್ತಿದ್ರು. 31 ವರ್ಷದಲ್ಲಿ ನಾನು ಒಂದ್ಸಲಾನೂ ನೋಡಿಲ್ಲ. ಕೆಲಸದ ದಿನ ತಲೆ ಎತ್ತಕ್ಕಾಗಲ್ಲ ಅಂದ್ಯಲ್ಲ, ಅದು ನಿಜ. ಭಾನುವಾರ ನನಗೆ ರಜ, ಆ ಕಡೆ ಹೋಗ್ತಿರಲಿಲ್ಲ

ಅನು: ಶನಿವಾರ ಯಾವ ಕಟ್ಟಡ ಅಂತ ತೋರಿಸಿ, ಭಾನುವಾರ ಫೋಟೋ ತೆಗೆದು ಇಲ್ಲಿಗೆ ಹಾಕ್ತೀನಿ

ದೊಡ್ಡಪ್ಪ: ಫೋಟೋ ಬೇಡ, ನಾನೇ ಬರ್ತೀನಿ. 6.30 ಆಗಲ್ಲ, ಭಾನುವಾರ ಮೆಟ್ರೋ ಶುರುವಾಗೋದೇ 7ಕ್ಕೆ. ದೂರದ್ದು ನೋಡೋ ಕನ್ನಡಕ ತರ್ತೀನಿ