ಸೇವೆಗೆ ಅವಕಾಶ ಬೇಡುವ ಪ್ರಾರ್ಥನೆ ಹೇಗಿರಬೇಕು?

ಪ್ರಶ್ನೆ:
ಕರ್ತನ ನಾಮದಲ್ಲಿ ವಂದನೆಗಳು. "ನನ್ನನ್ನು ಉಪಯೋಗಿಸು ಕರ್ತನೇ" ಅಂತ ದಿನಾ ಪ್ರಾರ್ಥಿಸಿದರೂ ಯಾರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ವಾರಕ್ಕೆ ಎರಡು ಗಂಟೆ ಬಿಡುವಿದೆ. ಹೇಗೆ ಬೇಡಿಕೊಳ್ಳಲಿ?

ಉತ್ತರ 1:
ವಂದನೆ ಸಿಸ್ಟರ್. ನೆಹೆಮೀಯ 1 ಮತ್ತು 2ನೇ ಅಧ್ಯಾಯ ಒಟ್ಟಿಗೆ ಓದಿ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿದ ನೆಹೆಮೀಯ, ಯೆಹೂದ್ಯರ ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿದ. ಕೊನೆಗೆ ಪಾರಸಿಯ ಅರಸನು ಏನು ಬೇಕೆಂದು ಕೇಳಿದಾಗ ಅವನ ಉತ್ತರ ಸಿದ್ಧವಿತ್ತು: ಎಷ್ಟು ಕಾಲ, ಯಾರಿಗೆ ಪತ್ರ, ಎಲ್ಲಿಂದ ಮರ. ನಿಮ್ಮ ಪ್ರಾರ್ಥನೆಯಲ್ಲಿ ಯಾರ ಹೆಸರೂ ಇಲ್ಲ, ತೊಡಕು ಅದೇ. ಮೂರೇ ಹೆಸರು ಬರೆದುಕೊಳ್ಳಿ: ಸಭೆಯಲ್ಲಿ ಒಬ್ಬರು, ಬೀದಿಯಲ್ಲಿ ಒಬ್ಬರು, ಕೆಲಸದ ಜಾಗದಲ್ಲಿ ಒಬ್ಬರು. ಬೆಳಿಗ್ಗೆ ಹೆಸರು ಹಿಡಿದು ಪ್ರಾರ್ಥಿಸಿ, ರಾತ್ರಿ ಅವರಲ್ಲಿ ಕಂಡ ಕೊರತೆ ಒಂದು ಸಾಲು ಬರೆಯಿರಿ. ಹತ್ತು ಹೆಸರು ಬರೆದರೆ ಎರಡನೇ ವಾರಕ್ಕೆ ಬರೀ ಪಟ್ಟಿ ಓದಿದ ಹಾಗಾಗುತ್ತೆ.

ಉತ್ತರ 2:
ಯಾಕೋಬ 2:15-16 ಕೂಡ ನೋಡಿ: ಹಸಿದವರಿಗೆ ಬೇಕಾದದ್ದು ಕೊಡದೆ ಬರೀ ಒಳ್ಳೆಯ ಮಾತು ಹೇಳಿದರೆ ಪ್ರಯೋಜನವಿಲ್ಲ. ಆಸ್ಪತ್ರೆಯಲ್ಲಿರುವವರಿಗೆ "ಏನಾದರೂ ಬೇಕಾದರೆ ಹೇಳಿ" ಅಂದರೆ ಸಂಕೋಚದಿಂದ ಯಾರೂ ಕೇಳುವುದಿಲ್ಲ. "ಗುರುವಾರ ರಾತ್ರಿ ಜೊತೆಗಿರುವವರಿಗೆ ಊಟ ತರ್ತೀನಿ, ಖಾರ ಆಗುತ್ತಾ?" ಅನ್ನಿ. ಭೇಟಿ 15 ನಿಮಿಷ ಸಾಕು. ಪ್ರಾರ್ಥಿಸುವ ಮುಂಚೆ ಅನುಮತಿ ಕೇಳಿ. ಅವರ ಕಷ್ಟವನ್ನು ಒಪ್ಪಿಗೆಯಿಲ್ಲದೆ ಕೂಟದಲ್ಲಿ ಪ್ರಾರ್ಥನಾ ವಿಷಯವಾಗಿ ಹೇಳಬೇಡಿ. ಇದರಿಂದ ನಂಬಿಕೆ ಮುರಿದುಹೋಗುತ್ತೆ, ದಯವಿಟ್ಟು ಎಚ್ಚರ.

ಉತ್ತರ 3:
ಮೇಲಿನ ಉತ್ತರದಲ್ಲಿ ಬ್ರದರ್ ಹೇಳಿದ್ದು ಸರಿ. ಜೊತೆಗೆ ನಿಮ್ಮ ಬಿಡುವಿನ ದಿನ, ವೇಳೆ ಸಭಾಪಾಲಕರಿಗೆ ನಿರ್ದಿಷ್ಟವಾಗಿ ತಿಳಿಸಿ. ಎರಡು ಗಂಟೆಯನ್ನೂ ಒಪ್ಪಿಕೊಂಡುಬಿಡಬೇಡಿ. ಅರ್ಧ ಗಂಟೆ ಖಾಲಿ ಇದ್ದರೆ ದಿಢೀರನೆ ಬರುವ ಕರೆಗೆ ಹೋಗಬಹುದು. ಕುರ್ಚಿ ಜೋಡಿಸುವ ಕೆಲಸ ಸಿಕ್ಕರೂ ಸಣ್ಣದೆನ್ನಬೇಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ಊಟದ ಹಂಚಿಕೆಗೇ ಏಳು ಜನರನ್ನು ಆರಿಸಿ, ಪ್ರಾರ್ಥಿಸಿ, ಅವರ ಮೇಲೆ ಕೈಯಿಟ್ಟು ಸೇವೆಗೆ ನೇಮಿಸಿದರು.