ನನ್ನ ಪೇಪರ್‌ಗಳು ಮೂರು ಹೆಸರಲ್ಲಿ ಹಂಚಿಹೋಗಿವೆ, ಬೇರೆಯವರ ಪೇಪರ್ ನನ್ನ ಪ್ರೊಫೈಲಿನಲ್ಲಿದೆ: ಸರಿಮಾಡುವುದು ಹೇಗೆ?

ರಸಾಯನ_ಪಾಠ:
ನಮಸ್ಕಾರ. ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಮೋಷನ್ ಫೈಲಿಗೆ ಪ್ರಕಟಣೆಗಳ ಪಟ್ಟಿ ಕೊಡಬೇಕು. ಆನ್‌ಲೈನಲ್ಲಿ ಹುಡುಕಿದರೆ ನನ್ನ ಕೆಲವು ಸಂಶೋಧನಾ ಪೇಪರ್ ಇನಿಷಿಯಲ್ ಮುಂದಿರುವ ಹೆಸರಲ್ಲಿವೆ, ಕೆಲವು ಇನಿಷಿಯಲ್ ಹಿಂದಿರುವ ಹೆಸರಲ್ಲಿ. ಮದುವೆಯ ನಂತರದವುಗಳಲ್ಲಿ ಗಂಡನ ಹೆಸರೂ ಸೇರಿದೆ. ಒಂದು ಪ್ರೊಫೈಲಿನಲ್ಲಂತೂ ಹೃದ್ರೋಗದ ಪೇಪರ್‌ಗಳು ಬಂದು ಕೂತಿವೆ! ಹೊಸ ಪ್ರೊಫೈಲ್ ಮಾಡಿಬಿಡಲೇ?

ಲೈಬ್ರರಿ_ಕೌಂಟರ್:
ದಯವಿಟ್ಟು ಬೇಡ ಮೇಡಂ, ಗೊಂದಲ ಜಾಸ್ತಿಯಾಗುತ್ತದೆ. ನಮ್ಮ ಕಡೆ ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ ಇರುತ್ತದೆ, ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಡೇಟಾಬೇಸ್‌ಗೆ ಮಾತ್ರ ಸರ್‌ನೇಮ್ ಬೇಕೇ ಬೇಕು. ಕೊನೆಯಲ್ಲಿ ಸಿಕ್ಕ ಇನಿಷಿಯಲ್ಲನ್ನೇ ಸರ್‌ನೇಮ್ ಅಂದುಕೊಳ್ಳುತ್ತದೆ. ಹಾಗಾಗಿ ಹೆಸರನ್ನು ನಂಬಿಕೊಂಡರೆ ಆಗದು, ನಂಬರ್ ಬೇಕು.

ಆ ನಂಬರ್ ಆರ್ಕಿಡ್ ಐಡಿ, ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ ಗುರುತಿನ ಸಂಖ್ಯೆ. 2012ರಿಂದ ಇದೆ, ಪುಕ್ಕಟೆ, 16 ಅಂಕಿ. ಮೊದಲು ಅದನ್ನು ಸರಿಮಾಡಿ. 'ಆಲ್ಸೋ ನೋನ್ ಆ್ಯಸ್' ಅನ್ನುವ ಜಾಗದಲ್ಲಿ ನಿಮ್ಮ ಮೂರೂ ಹೆಸರು ಹಾಕಿ. ಹಳೆಯ ಪೇಪರ್‌ಗಳನ್ನು ಡಿಒಐ (ಪ್ರತಿ ಪೇಪರಿನ ಕಾಯಂ ಗುರುತಿನ ಸಂಖ್ಯೆ) ಕೊಟ್ಟು ಸೇರಿಸಿ. ಇನ್ನು ಮುಂದೆ ಪೇಪರ್ ಕಳಿಸುವಾಗ ಆರ್ಕಿಡ್ ಕೊಡಿ. ಪ್ರಕಾಶಕರು ಅದನ್ನು ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಗೆ ಕಳಿಸಿದರೆ, ನೀವು ಒಮ್ಮೆ ಅನುಮತಿ ಕೊಟ್ಟರೆ ಸಾಕು, ಮುಂದಿನವು ತಾವಾಗಿಯೇ ಸೇರುತ್ತವೆ.

ಆಮೇಲೆ ಸ್ಕೋಪಸ್, ಅಂದರೆ ಪೇಪರ್‌ಗಳನ್ನೂ ಅವುಗಳ ಉಲ್ಲೇಖಗಳನ್ನೂ ಪಟ್ಟಿಮಾಡುವ ಡೇಟಾಬೇಸ್. ಅಲ್ಲಿ ಪ್ರೊಫೈಲನ್ನು ನಾವು ಮಾಡುವುದಿಲ್ಲ, ಅದೇ ತಯಾರಾಗಿರುತ್ತದೆ. 'ಆಥರ್ ಫೀಡ್‌ಬ್ಯಾಕ್ ವಿಜರ್ಡ್' ತೆರೆದು ನಿಮ್ಮ ಎಲ್ಲ ಪ್ರೊಫೈಲ್ ಆರಿಸಿ ಒಂದು ಮಾಡಲು ಕೇಳಿ. ನಿಮ್ಮದಲ್ಲದ ಪೇಪರ್‌ಗಳನ್ನೂ ಅಲ್ಲೇ ತೆಗೆಸಬಹುದು.

ಗೂಗಲ್ ಸ್ಕಾಲರ್‌ನಲ್ಲಿ ಬೇರೆಯವರ ಪೇಪರ್‌ಗಳಿಗೆ ಟಿಕ್ ಹಾಕಿ ಅಳಿಸಿ. ಅಷ್ಟಕ್ಕೇ ಬಿಟ್ಟರೆ ಪ್ರಯೋಜನವಿಲ್ಲ, ಮತ್ತೆ ಬರುತ್ತವೆ. ಅಪ್‌ಡೇಟ್ ಸೆಟ್ಟಿಂಗ್‌ಗೆ ಹೋಗಿ, ತಾನಾಗಿ ಸೇರಿಸುವ ಬದಲು ಇಮೇಲ್ ಕಳಿಸಿ ಕೇಳುವ ಆಯ್ಕೆ ಹಾಕಿಕೊಳ್ಳಿ. ಒಂದೇ ಪೇಪರ್ ಎರಡು ಸಲ ಕಂಡರೆ ಎರಡನ್ನೂ ಆರಿಸಿ ಮರ್ಜ್ ಮಾಡಿ.

ದೇಶದ ಸಂಶೋಧಕರು, ಅಧ್ಯಾಪಕರ ಮಾಹಿತಿ ಇರುವ ವಿದ್ವಾನ್ ಕೊನೆಗಿರಲಿ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್ನೆಟ್ (ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ) ನಡೆಸುವ ಈ ತಾಣದಲ್ಲಿ ನಿಮ್ಮ ಸ್ಕೋಪಸ್, ಆರ್ಕಿಡ್, ಸ್ಕಾಲರ್ ಐಡಿಗಳನ್ನು ಕೊಡಬೇಕು. ಕಾಲೇಜಿನಲ್ಲಿ ಐಆರ್‌ಐಎನ್‌ಎಸ್ (ಸಂಸ್ಥೆಯ ಸಂಶೋಧನೆಗಳನ್ನು ತೋರಿಸುವ ವೆಬ್ ವ್ಯವಸ್ಥೆ) ಇದ್ದರೆ ಮಾಹಿತಿ ಅಲ್ಲಿಗೂ ಹೋಗುತ್ತದೆ. ಐಡಿ ತಪ್ಪಿದ್ದರೆ ಆ ಹೃದ್ರೋಗದ ಪೇಪರ್‌ಗಳು ನಿಮ್ಮ ಕಾಲೇಜಿನ ಪುಟದಲ್ಲೂ ಕಾಣಬಹುದು, ಅಲ್ವಾ? ಅದಕ್ಕೇ ಈ ಕ್ರಮ.

ರಸಾಯನ_ಪಾಠ:
ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ತೊಡಕಿದೆ. ಪಿಎಚ್‌ಡಿ ಕಾಲದ ಆರ್ಕಿಡ್ ಒಂದಿದೆ, ಕಾಲೇಜಿನವರು ಎಲ್ಲರಿಗೂ ಮಾಡಿಸಿದ್ದು ಇನ್ನೊಂದು. ಹಳೆಯದರಲ್ಲೇ ಪೇಪರ್ ಜಾಸ್ತಿ.

ಲೈಬ್ರರಿ_ಕೌಂಟರ್:
ಹಳೆಯದನ್ನೇ ಉಳಿಸಿಕೊಳ್ಳಿ, ಪ್ರಕಟವಾದ ಪೇಪರ್‌ಗಳಲ್ಲಿ ಅದೇ ನಂಬರ್ ಅಚ್ಚಾಗಿರುತ್ತದೆ. ಹಳೆಯದಕ್ಕೆ ಲಾಗಿನ್ ಆಗಿ, ಅಕೌಂಟ್ ಸೆಟ್ಟಿಂಗ್‌ನಲ್ಲಿ ಡೂಪ್ಲಿಕೇಟ್ ತೆಗೆಯುವ ಆಯ್ಕೆ ಹುಡುಕಿ, ಹೊಸದರ ವಿವರ ಕೊಡಿ. ಅದಕ್ಕೂ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ: ಹೊಸದರಲ್ಲಿರುವ ಪೇಪರ್‌ಗಳನ್ನು ಬಿಬ್‌ಟೆಕ್ಸ್ (ಪ್ರಕಟಣೆಗಳ ವಿವರ ಇಡುವ ಒಂದು ಮಾದರಿ) ಫೈಲಾಗಿ ಇಳಿಸಿಕೊಳ್ಳಿ. ಇಮೇಲ್ ವಿಳಾಸ ಮಾತ್ರ ಹಳೆಯದಕ್ಕೆ ಬರುತ್ತದೆ, ಪಟ್ಟಿ ಅಳಿಸಿಹೋಗುತ್ತದೆ. ಆಮೇಲೆ ಯಾರಾದರೂ ತೆಗೆದುಹಾಕಿದ ನಂಬರ್ ತೆರೆದರೂ ಉಳಿದ ನಂಬರಿಗೇ ದಾರಿ ತೋರಿಸುತ್ತದೆ.

ಹಳೆಗನ್ನಡ_ಓದು:
ಮಧ್ಯೆ ಬಂದೆ, ಕ್ಷಮಿಸಿ. ನಾನು ಕನ್ನಡ ಮೇಷ್ಟ್ರು. ನಮ್ಮ ಪತ್ರಿಕೆಗಳಿಗೆ ಡಿಒಐ ಇರುವುದಿಲ್ಲ. ನಮಗೆ ಇದರಿಂದ ಏನಾದರೂ ಉಪಯೋಗ ಇದೆಯೇ?

ಲೈಬ್ರರಿ_ಕೌಂಟರ್:
ಖಂಡಿತ ಇದೆ ಸರ್. ಆರ್ಕಿಡ್‌ನಲ್ಲಿ ಕೈಯಾರೆ ಸೇರಿಸಬಹುದು. ಶೀರ್ಷಿಕೆ ಕನ್ನಡ ಲಿಪಿಯಲ್ಲೇ ಹಾಕಿ, ಇಂಗ್ಲಿಷ್ ಶೀರ್ಷಿಕೆಗೆ ಬೇರೆ ಜಾಗವಿದೆ. ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಬರುವ ಉಲ್ಲೇಖ) ಎಣಿಕೆ ಇದರಿಂದ ಏರುವುದಿಲ್ಲ ನಿಜ. ಆದರೆ ಕನ್ನಡದಲ್ಲಿ ಬರೆದದ್ದು ಪಟ್ಟಿಯಲ್ಲೇ ಇಲ್ಲದಿದ್ದರೆ ಹೊರಗಿನವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಮ್ಮ ಕನ್ನಡ ವಿಭಾಗದವರನ್ನು ಕೂರಿಸಿಕೊಂಡು ನಾನೇ ಸೇರಿಸಿಕೊಡುತ್ತೇನೆ.

ರಸಾಯನ_ಪಾಠ:
ಎರಡನೇ ಆರ್ಕಿಡ್ ತೆಗೆದಾಯಿತು. ಸ್ಕೋಪಸ್‌ಗೆ ಕೋರಿಕೆ ಕಳಿಸಿದ್ದೇನೆ. ಅದು ಒಂದಾದ ಮೇಲೆಯೇ ವಿದ್ವಾನ್ ಮುಟ್ಟುತ್ತೇನೆ.